ಬಲ ‘ಖರ್ಚಾಗಿ’ ಚಲನೆ ನಿಲ್ಲುವುದಿಲ್ಲ: ಒಂದು ಸ್ಪಷ್ಟನೆ

ಬೆಂಗಳೂರಿನ ಪ್ರಾಥಮಿಕ ಶಾಲಾ ಮಕ್ಕಳ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ, “ವಸ್ತುವಿಗೆ ಕೊಟ್ಟ ಬಲ ಖರ್ಚಾದ ಕೂಡಲೇ ಅದು ನಿಲ್ಲುತ್ತದೆ, ಬಲವಿಲ್ಲದೆ ಚಲನೆಯಿಲ್ಲ” ಎಂಬ ಟಿಪ್ಪಣಿಯೊಂದು ಹರಿದಾಡುತ್ತಿದೆ. ಈ ಹೇಳಿಕೆ ತಪ್ಪು.

ಬಲವೆಂದರೆ ಒಂದು ವಸ್ತು ಇನ್ನೊಂದನ್ನು ತಳ್ಳುವ ಅಥವಾ ಎಳೆಯುವ ಕ್ರಿಯೆ. ಅದನ್ನು ವಸ್ತುವಿನೊಳಗೆ ತುಂಬಿಡಲಾಗದು. ಕೇರಂ ಆಟದಲ್ಲಿ ಸ್ಟ್ರೈಕರ್ ಬೆರಳನ್ನು ಬಿಟ್ಟ ಕ್ಷಣಕ್ಕೇ ಬೆರಳಿನ ಬಲ ಕೊನೆಗೊಳ್ಳುತ್ತದೆ. ಆದರೂ ಅದು ಸಾಗುತ್ತಲೇ ಇರುತ್ತದೆ, ಕ್ರಮೇಣ ಅದನ್ನು ನಿಧಾನಗೊಳಿಸಿ ನಿಲ್ಲಿಸುವುದು ಬೋರ್ಡಿನ ಘರ್ಷಣೆ. ಬೋರ್ಡಿನ ಮೇಲೆ ಬೋರಿಕ್ ಪೌಡರ್ ಉದುರಿಸಿ ಅಷ್ಟೇ ಜೋರಾಗಿ ಹೊಡೆದರೆ ಸ್ಟ್ರೈಕರ್ ಇನ್ನೂ ದೂರ ಸಾಗುವುದನ್ನು ಮಕ್ಕಳು ಕಣ್ಣಾರೆ ಕಾಣಬಹುದು. ಹೊಡೆತ ಬದಲಾಗಿಲ್ಲ, ಘರ್ಷಣೆ ತಗ್ಗಿದೆ. ಇದನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಮಾಡಿ ತೋರಿಸುವುದೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೊದಲ ನಿಯಮದ ಪ್ರಕಾರ, ವಸ್ತುವಿನ ಮೇಲಿನ ಒಟ್ಟು ಬಲ ಸೊನ್ನೆಯಾಗಿದ್ದರೆ ನಿಂತದ್ದು ನಿಂತೇ ಇರುತ್ತದೆ, ಚಲಿಸುತ್ತಿರುವುದು ಅದೇ ವೇಗದಲ್ಲಿ, ಅದೇ ದಿಕ್ಕಿನಲ್ಲಿ ಚಲಿಸುತ್ತಲೇ ಇರುತ್ತದೆ. ಆದ್ದರಿಂದ ಬಲ ಬೇಕಾಗುವುದು ಚಲನೆಯನ್ನು ಬದಲಿಸಲು. 1977ರಲ್ಲಿ ಉಡಾವಣೆಗೊಂಡ ವಾಯೇಜರ್ 1 ಬಾಹ್ಯಾಕಾಶ ನೌಕೆಯನ್ನು ಇಂದು ಯಾವ ಎಂಜಿನ್ನೂ ಮುಂದಕ್ಕೆ ತಳ್ಳುತ್ತಿಲ್ಲ; ಆದರೂ ಅದು ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸೂರ್ಯನಿಂದ ದೂರ ಸಾಗುತ್ತಿದೆ.

ಬಿಎಂಟಿಸಿ ಬಸ್ಸು ಬ್ರೇಕ್ ಹಾಕಿದಾಗ “ಒಂದು ಬಲ ನಮ್ಮನ್ನು ಮುಂದಕ್ಕೆ ನೂಕುತ್ತದೆ” ಎಂದೂ ಆ ಟಿಪ್ಪಣಿ ಹೇಳುತ್ತದೆ. ರಸ್ತೆಬದಿ ನಿಂತವರ ದೃಷ್ಟಿಯಲ್ಲಿ ಅಂಥ ಬಲವೇ ಇಲ್ಲ: ಬಸ್ಸಿನ ವೇಗ ತಗ್ಗುತ್ತದೆ, ಪ್ರಯಾಣಿಕರ ದೇಹ ಜಡತ್ವದಿಂದ (ಇದ್ದ ಸ್ಥಿತಿಯಲ್ಲೇ ಮುಂದುವರಿಯುವ ಗುಣದಿಂದ) ಮೊದಲಿನ ವೇಗದಲ್ಲೇ ಮುಂದುವರಿಯುತ್ತದೆ, ಕಂಬಿ ಹಿಡಿದ ಕೈ ಅದನ್ನು ಹಿಂದಕ್ಕೆ ಎಳೆಯುತ್ತದೆ.