ಹಲ್ಲು ನೋಡಿದೆ, ನೊಗ ಕಟ್ಟಲಿಲ್ಲ

ನಮ್ಮ ತಾತ ಬೂಕನಬೆಟ್ಟದ ಜಾತ್ರೆಗೆ ಎತ್ತು ಕೊಳ್ಳಲು ಹೋದರೆ ಎರಡು ದಿನ ಮನೆ ಕಡೆ ತಲೆ ಹಾಕುತ್ತಿರಲಿಲ್ಲವಂತೆ. ಮೊದಲು ದೂರದಿಂದ ನಡಿಗೆ ನೋಡೋದು. ಆಮೇಲೆ ಮೈಮೇಲಿನ ಸುಳಿ. ಆಮೇಲೆ ಬಾಯಿ ಬಿಡಿಸಿ ಎರಡು ಹಲ್ಲೋ, ನಾಲ್ಕು ಹಲ್ಲೋ, ಎಲ್ಲ ಹಲ್ಲೂ ಬಂದು ಬಾಯಿಗೂಡಿದ್ದೋ ಅಂತ ಎಣಿಸಿ ವಯಸ್ಸು ತಿಳಿಯೋದು. ಅದಾದ ಮೇಲೆ ಹೆಗಲ ಮೇಲೆ ಕೈಯಾಡಿಸಿ ಜಡ್ಡು ಎಷ್ಟಿದೆ ಅಂತ ತಡವೋದು, ಯಾಕೆಂದರೆ ಮಾರುವವನು ಎಷ್ಟು ಬೇಕಾದರೂ ಬಣ್ಣ ಕಟ್ಟಿ ಹೇಳಬಹುದು, ನೊಗ ಹೊತ್ತ ಹೆಗಲಿಗೆ ಅದು ಬರುವುದಿಲ್ಲ. ಇಷ್ಟೆಲ್ಲ ಆದರೂ ಗಾಡಿಗೆ ಕಟ್ಟಿ ಒಂದು ಸುತ್ತು ಹೊಡೆಸದೆ ಟವೆಲ್ ಕೆಳಗೆ ಕೈ ಇಟ್ಟು ಬೆಲೆ ಮಾತಾಡಿದವರಲ್ಲ. ಅಂಥವರ ಮೊಮ್ಮಗ ನಾನು. ಹೋದ ವರ್ಷ ಬೆಂಗಳೂರಿಗೆ ಹೋಗಿ, ಒಂಬತ್ತು ವರ್ಷ ಹಳೆಯದಾದ, ಇಂಜಿನ್ ಬಲ ಹೆಚ್ಚಿಸುವ ಟರ್ಬೊ ಇರುವ ಕೆಂಪು ಕಾರೊಂದನ್ನು ಒಂದು ಅಡಿಯೂ ಓಡಿಸಿ ನೋಡದೆ ಕೊಂಡು ತಂದೆ.

ಕಾರಿನ ಹೆಸರು ಹೇಳುವುದಿಲ್ಲ. ಅದರ ಅಭಿಮಾನಿಗಳು ಸುಮ್ನೆ ಬಿಡುವವರಲ್ಲ, ಅಲ್ಲದೆ ಇಲ್ಲಿ ತಪ್ಪು ಕಾರಿನದ್ದೂ ಅಲ್ಲ.

ಈ ಹುಚ್ಚು ಹತ್ತಿದ್ದು 2016ರಲ್ಲಿ. ಏಷ್ಯಾ-ಪೆಸಿಫಿಕ್ ಕಾರ್ ರ‍್ಯಾಲಿಯ ಭಾರತದ ಸುತ್ತು ಆ ವರ್ಷ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯಿತು. ಹಾಸನದಿಂದ ಬೇಲೂರು ಮೇಲೆ ಹೋದರೆ ಅರವತ್ತು ಚಿಲ್ಲರೆ ಕಿಲೋಮೀಟರ್. ಬೈಕ್ ಹತ್ತಿ ಹೋಗಿ ಒಂದು ತೋಟದ ಬೇಲಿ ಪಕ್ಕ ಬೆಳಗ್ಗೆಯಿಂದ ನಿಂತಿದ್ದೆ. ಗೌರವ್ ಗಿಲ್ ಓಡಿಸುತ್ತಿದ್ದ ಸ್ಕೋಡಾ ಫ್ಯಾಬಿಯಾ ತಿರುವಿನಲ್ಲಿ ಅಡ್ಡಡ್ಡಲಾಗಿ ಜಾರಿಕೊಂಡು ಬಂದು, ಇನ್ನೇನು ಸಿಲ್ವರ್ ಮರಕ್ಕೆ ಗುದ್ದಿತು ಅನ್ನುವಷ್ಟರಲ್ಲಿ ನೆಟ್ಟಗಾಗಿ, ನಮ್ಮೆಲ್ಲರ ಮುಖಕ್ಕೂ ಮಣ್ಣೆರಚಿ ಮಾಯವಾಯಿತು. ನೋಡಿದ್ದು ನಾಲ್ಕು ಸೆಕೆಂಡ್ ಇರಬಹುದು. ಆ ಶರ್ಟನ್ನು ಎರಡು ದಿನ ಒಗೆಯಲು ಹಾಕಲಿಲ್ಲ. ಅಮ್ಮನೇ ಎಳೆದು ನೆನೆಹಾಕಿದರು.

ನಮ್ಮಂಥವರಿಗೆ ಸ್ಪೋರ್ಟಿ ಕಾರು ಅಂದರೆ ಎರಡು ಬಾಗಿಲಿನ, ನೆಲಕ್ಕೆ ತಾಗಿದ ಕೋಟಿ ರೂಪಾಯಿಯದ್ದಲ್ಲ. ಮನೆಮಂದಿ ಕೂರುವ ಸಣ್ಣ ಕಾರಿಗೇ ಸ್ವಲ್ಪ ಗಟ್ಟಿ ಇಂಜಿನ್ ಹಾಕಿರುತ್ತಾರೆ, ಅಷ್ಟೇ. 2013ರಲ್ಲಿ ಬಂದ ಪೋಲೋ ಜಿಟಿ ಟಿಎಸ್‌ಐ ಹಾಗಿತ್ತು, 2017ರ ಬಲೆನೊ ಆರ್‌ಎಸ್ ಕೂಡ. ಕಾರು ನಾಲ್ಕು ಮೀಟರ್ ಒಳಗಿದ್ದು ಪೆಟ್ರೋಲ್ ಇಂಜಿನ್ 1200 ಸಿಸಿ ದಾಟದಿದ್ದರೆ ತೆರಿಗೆ ಕಡಿಮೆ ಅನ್ನುವ ಲೆಕ್ಕಕ್ಕೆ ಇವರೆಲ್ಲ ಇಂಜಿನ್ ಚಿಕ್ಕದು ಮಾಡಿ ಟರ್ಬೊ ಕೂರಿಸಿದರು. 2015ರ ಅಬಾರ್ತ್ ಪುಂಟೊ ಮಾತ್ರ 1.4 ಲೀಟರ್ ಇಂಜಿನ್, 145 ಅಶ್ವಶಕ್ತಿ ಇಟ್ಟುಕೊಂಡು ಗೆರೆ ದಾಟಿ ಬಂತು. ಹೊಗಳದವರಿಲ್ಲ. ಹೊಗಳಿದವರೆಲ್ಲ ಹೋಗಿ ಡೀಸೆಲ್ ಸ್ವಿಫ್ಟ್ ಕೊಂಡರು, ಅದು ಬೇರೆ ಮಾತು. ಇವತ್ತು ಈ ಮೂರರಲ್ಲಿ ಒಂದೂ ಹೊಸದಾಗಿ ಸಿಗುವುದಿಲ್ಲ, ಪೋಲೋ ತಯಾರಿಕೆ 2022ರಲ್ಲೇ ನಿಂತಿತು. ಹಾಗಾಗಿ ಇಂಥದ್ದು ಬೇಕು ಅನ್ನುವವನಿಗೆ ಸೆಕೆಂಡ್ ಹ್ಯಾಂಡೇ ಗತಿ. ಅದರಲ್ಲೂ ಒಳ್ಳೆಯದೊಂದು ಮಾರಾಟಕ್ಕೆ ಬರುವುದು ನಮ್ಮ ಹಾಸನಾಂಬೆ ಗುಡಿಯ ಬಾಗಿಲು ತೆರೆದ ಹಾಗೆ. ತೆರೆದಾಗ ನುಗ್ಗಬೇಕು, ಇಲ್ಲ ಅಂದರೆ ಮುಂದಿನ ವರ್ಷ.

ನುಗ್ಗಿದೆ. ಹೋಗುವಾಗ ಕೆಂಪು ಬಸ್ಸು, ಬರುವಾಗ ಕೆಂಪು ಕಾರು ಅಂತ ಬಸ್ಸಿನಲ್ಲೇ ಸ್ಟೇಟಸ್ ಬರೆದಿಟ್ಟುಕೊಂಡಿದ್ದೆ. ಅಂದರೆ ಕಾರು ನೋಡುವ ಮೊದಲೇ ವ್ಯಾಪಾರ ಮುಗಿದಿತ್ತು ಅಂತ ಈಗ ಅನ್ನಿಸುತ್ತದೆ.

ಏನೂ ಗೊತ್ತಿಲ್ಲದೆ ಹೋಗಿರಲಿಲ್ಲ ಮತ್ತೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅದೇ ಕಾರಿನ ಹಲ್ಲು. ಬಗ್ಗಿ ನೋಡಿದೆ. ಮೂರು ಟೈರಿನಲ್ಲಿ 1116 ಇತ್ತು, ಅಂದರೆ 2016ರ ಹನ್ನೊಂದನೇ ವಾರ. ನಾಲ್ಕನೆಯದು ಬೇರೆಯೇ ಕಂಪನಿಯದು, ನಾಲ್ಕು ವರ್ಷ ಚಿಕ್ಕದು. ಬಾಯಿಗೂಡಿದ ಎತ್ತಿಗೆ ಒಂದು ಹಾಲುಹಲ್ಲು. ಯಾಕೆ ಸಾರ್ ಅಂತ ಕೇಳಬಹುದಿತ್ತು, ಕೇಳಲಿಲ್ಲ. ಬಾನೆಟ್ ಮೇಲೆ ಕೈ ಇಟ್ಟೆ, ಬೆಚ್ಚಗಿತ್ತು. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ ನೋಡಬೇಕು, ಆಗ ಬರುವ ಸದ್ದು, ನೀಲಿ ಹೊಗೆ ಇವೇ ನಿಜ ಹೇಳೋದು, ಬೆಚ್ಚಗಿದ್ದರೆ ಅನುಮಾನ ಪಡಬೇಕು ಅಂತ ನಾನೇ ಎಷ್ಟು ಜನಕ್ಕೆ ಹೇಳಿದ್ದೇನೋ. ಆ ಹೊತ್ತಿಗೆ ನನ್ನ ತಲೆಗೆ ಬಂದದ್ದು ಮಾತ್ರ, ಪಾಪ, ನಾನು ಬರ್ತೀನಿ ಅಂತ ಬೆಳಗ್ಗೆನೇ ಬಿಸಿ ಮಾಡಿಟ್ಟಿದ್ದಾರೆ ಅಂತ.

ಇಂಜಿನ್ನನ್ನು ಚಕ್ರಕ್ಕೆ ಜೋಡಿಸಿ ಬಿಡಿಸುವ ಕ್ಲಚ್, ಅದರ ಪೆಡಲ್ಲಿನ ರಬ್ಬರ್ ಕೂಡ ಕಣ್ಣಿಗೆ ಬಿತ್ತು. ಬ್ರೇಕಿನದ್ದರಲ್ಲಿ ಗೆರೆಗಳು ಹಾಗೇ ಇದ್ದವು. ಕ್ಲಚ್ಚಿನದ್ದು ಎಡಗಡೆ ಸವೆದು ನುಣ್ಣಗೆ ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಮೀಟರಿನಲ್ಲಿ ಮಾತ್ರ ಬರೀ ನಲವತ್ತೆಂಟು ಸಾವಿರ ಕಿಲೋಮೀಟರ್. ಹೆಗಲ ಜಡ್ಡು ಕಣ್ಣೆದುರೇ ಇತ್ತು. ನೋಡಿದೆ, ಹೊಳಪು ಚೆನ್ನಾಗಿದೆ ಅಂದುಕೊಂಡೆ.

ಕಾಗದಪತ್ರದ ವಿಷಯದಲ್ಲಿ ಮಾತ್ರ ನನ್ನಷ್ಟು ಕಟ್ಟುನಿಟ್ಟಿನವನು ಇನ್ನೊಬ್ಬನಿರಲಿಲ್ಲ. ಆರ್‌ಸಿಯಲ್ಲಿ ಸಾಲದ ನಮೂದು ಇದೆಯಾ, ಚಾಸಿ ನಂಬರ್ ಸರಿಯಾ, ಟ್ರಾಫಿಕ್ ಫೈನ್ ಬಾಕಿ ಇದೆಯಾ, ಎಲ್ಲ ನೋಡಿದೆ. ಮಾಲೀಕರ ಹೆಸರು ಬದಲಾಯಿಸುವ ಫಾರಂ 29, ಫಾರಂ 30ಕ್ಕೆ ಸಹಿ ಹಾಕಿಸಿದೆ. ಮಾರಿದವರು ಹದಿನಾಲ್ಕು ದಿನದೊಳಗೆ, ಕೊಂಡವರು ಮೂವತ್ತು ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಅಂತ ಅವರಿಗೇ ಪಾಠ ಹೇಳಿದೆ. ಎತ್ತಿನ ರಶೀದಿ ಹತ್ತು ಸಲ ಓದಿದ್ದಾಯಿತು, ಎತ್ತು ಕುಂಟುತ್ತದಾ ಅಂತ ನೋಡಲಿಲ್ಲ.

ಹಾಗಂತ ಮಾರುವವರು ಓಡಿಸೋದು ಬೇಡ ಅಂದಿರಲಿಲ್ಲ. ಮಾರುತ್ತಿದ್ದ ಹುಡುಗ ಕೀ ಕೈಗೇ ಕೊಟ್ಟು, "ಓಡಿಸಿ ನೋಡಿ ಸಾರ್, ಒಂದು ರೌಂಡ್ ಹೋಗಿ ಬನ್ನಿ" ಅಂದ. ಅಷ್ಟರಲ್ಲಿ ಅವನ ತಾಯಿ ಹೊರಗೆ ಬಂದು, "ಹಾಸನದವರಂತೆ? ನಮ್ಮ ತವರು ಅರಕಲಗೂಡು. ಮೊದಲು ತಿಂಡಿ ತಿನ್ನಿ ಬನ್ನಿ" ಅಂದರು. ಮುಗಿಯಿತು. ಅಕ್ಕಿರೊಟ್ಟಿ, ಕಾಯಿಚಟ್ನಿ, ಮೇಲೆ ಬೆಣ್ಣೆ. ಎರಡು ತಿಂದ ಮೇಲೆ ಮೂರನೆಯದನ್ನು ಕೇಳದೆಯೇ ಹಾಕಿದರು. ಕಾಫಿಯೂ ನಮ್ಮ ಕಡೆಯದೇ, ಚಿಕೋರಿ ಇಲ್ಲದ್ದು. ಇಷ್ಟಾದ ಮೇಲೆ ಎದ್ದು ನಿಂತು, ನಿಮ್ಮ ಕಾರು ಸರಿಯಿದೆಯಾ ಅಂತ ನೋಡಿಕೊಂಡು ಬರ್ತೀನಿ ಅನ್ನೋದು ಹೇಗೆ? ನೀವಾದರೂ ಹೇಳಿ. "ಅಯ್ಯೋ, ಬೇಡ ಬಿಡಿ, ಇಂಥ ಮನೇಲಿ ಬೆಳೆದ ಕಾರು" ಅಂದುಬಿಟ್ಟೆ. ಆ ಮಾತು ಹೇಗೆ ಬಂತೋ, ಈಗ ನೆನಪಾದರೂ ಕಿವಿ ಬಿಸಿಯಾಗುತ್ತದೆ.

ಎಲ್ಲವನ್ನೂ ಅಕ್ಕಿರೊಟ್ಟಿ ತಲೆಗೆ ಕಟ್ಟುವುದೂ ತಪ್ಪು. ಸಂಕೋಚ ಇತ್ತು, ನಿಜ. ಆದರೆ ಒಳಗೆ ಇನ್ನೊಂದು ಇತ್ತು. ಓಡಿಸಿ ನೋಡಿದರೆ ಏನಾದರೂ ಸಿಗುತ್ತದೆ, ಸಿಕ್ಕರೆ ಬಿಡಬೇಕಾಗುತ್ತದೆ, ಬಿಟ್ಟರೆ ಮತ್ತೆ ಬಸ್ಸು. ಒಂಬತ್ತು ವರ್ಷ ಆ ನಾಲ್ಕು ಸೆಕೆಂಡನ್ನು ಮನಸ್ಸಿನಲ್ಲಿ ಇಟ್ಟುಕೊಂಡವನಿಗೆ ಅದನ್ನು ಪರೀಕ್ಷೆಗೆ ಕೂರಿಸುವ ಧೈರ್ಯ ಇರಲಿಲ್ಲ. ಬಾಡಿಗೆ ಮನೆ ನೋಡುವಾಗಲೂ ನನಗೆ ಹೀಗೇ ಆಗುತ್ತದೆ. ಕಿಟಕಿಯಿಂದ ಒಂದು ಮರ ಕಂಡರೆ ಸಾಕು, ನಲ್ಲಿ ತಿರುಗಿಸಿ ನೀರು ಬರುತ್ತದಾ ಅಂತ ನೋಡುವುದಿಲ್ಲ.

ನೆಲಮಂಗಲ ದಾಟಿದ ಮೇಲೆ ರಸ್ತೆ ಬಿಚ್ಚಿಕೊಂಡಿತು. ಕುಣಿಗಲ್, ಯಡಿಯೂರು, ಎಲ್ಲ ಚೆನ್ನಾಗಿಯೇ ಹೋಯಿತು. ಟರ್ಬೊ ಅಂದರೆ ಇಂಜಿನ್ನಿನ ಹೊಗೆಯೇ ಒಂದು ಚಕ್ರ ತಿರುಗಿಸಿ, ಆ ಚಕ್ರ ಇಂಜಿನ್ನಿಗೆ ಜಾಸ್ತಿ ಗಾಳಿ ತುರುಕುವ ಏರ್ಪಾಡು. ಚಕ್ರ ವೇಗ ಹಿಡಿಯಲು ಒಂದು ಗಳಿಗೆ ಬೇಕು. ಒತ್ತಿದ ಕೂಡಲೇ ಓಡುವುದಿಲ್ಲ, ಯೋಚಿಸಿ ಓಡುತ್ತದೆ. ಇದು ನನಗೆ ಓದಿ ಗೊತ್ತಿತ್ತು, ಅದೇ ಎಡವಟ್ಟಾಯಿತು. ಚನ್ನರಾಯಪಟ್ಟಣ ದಾಟಿ ಒಂದು ಏರಿನಲ್ಲಿ ಲಾರಿ ಹಿಂದಿಕ್ಕಲು ಐದನೇ ಗೇರಿನಲ್ಲಿ ಪೂರ್ತಿ ಒತ್ತಿದೆ. ಇಂಜಿನ್ ಜೋರಾಗಿ ಕೂಗಿತು, ಇಂಜಿನ್ ಸುತ್ತು ತೋರಿಸುವ ಮುಳ್ಳು ಸರ್ರಂತ ಮೇಲೇರಿತು, ಕಾರು ಮಾತ್ರ ಇದ್ದ ವೇಗದಲ್ಲೇ ಇತ್ತು. ಆಹಾ, ಇದೇ ಟರ್ಬೊ ತಡ ಅಂತ ಖುಷಿಯಾಯಿತು. ಲಾರಿಯ ಹಿಂದೆ ಬರೆದಿದ್ದ ಎರಡು ಸಾಲು ಕವಿತೆಯನ್ನು ಅರ್ಥ ಸಮೇತ ಓದಿ ಮುಗಿಸಿದರೂ ಟರ್ಬೊ ಬರಲಿಲ್ಲ. ಶಾಂತಿಗ್ರಾಮದ ಟೋಲ್‌ವರೆಗೂ ಇನ್ನೆರಡು ಸಲ ಬೇಕಂತಲೇ ಹಾಗೆ ಮಾಡಿ ಖುಷಿಪಟ್ಟೆ.

ಮನೆ ಮುಂದೆ ನಿಲ್ಲಿಸಿದಾಗ ಸಂಜೆಯಾಗಿತ್ತು. ಅಪ್ಪ ಒಂದು ಸುತ್ತು ಹಾಕಿದರು. ನಲವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವರು, ಮಾತು ಕಡಿಮೆ. ನಾನು ರ‍್ಯಾಲಿ, ಟರ್ಬೊ, ಅರಕಲಗೂಡು, ಅಕ್ಕಿರೊಟ್ಟಿ ಎಲ್ಲ ಹೇಳುತ್ತಲೇ ಇದ್ದೆ. "ಓಡ್ಸಿ ನೋಡಿದ್ಯಾ?" ಅಂದರು. ಇಲ್ಲ ಅಂದೆ. ಏನೂ ಅನ್ನದೆ ಕೀಗೆ ಕೈ ಚಾಚಿದರು.

ಬಾಗಿಲು ತೆಗೆದು, ಮೊಣಕಾಲು ಹಿಡಿದುಕೊಂಡು ಇಳಿದು ಕೂತರು. "ಇದೇನೋ, ಚಾಪೆ ಮೇಲೆ ಕೂತಂಗೈತೆ." ಕನ್ನಡಿ ಸರಿ ಮಾಡಿಕೊಳ್ಳಲಿಲ್ಲ, ಸೀಟು ಎಳೆದುಕೊಳ್ಳಲಿಲ್ಲ. ಬಗ್ಗಿ ಕ್ಲಚ್ಚಿನ ರಬ್ಬರನ್ನು ಹೆಬ್ಬೆರಳಿನಲ್ಲಿ ಒಂದು ಸಲ ಉಜ್ಜಿದರು. ಸ್ಟಾರ್ಟ್ ಮಾಡಿ ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರಿಗೆ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಪೂರ್ತಿ ಬಿಟ್ಟರು. ಸರಿಯಿರುವ ಕಾರಾದರೆ ಆ ಕ್ಷಣಕ್ಕೆ ಒಂದು ಸಲ ಒದರಿ ಇಂಜಿನ್ ಆಫ್ ಆಗಬೇಕು. ನನ್ನ ಕಾರು ಏನೂ ಆಗಿಲ್ಲ ಅನ್ನುವ ಹಾಗೆ ಗುಂಯ್ ಅನ್ನುತ್ತಲೇ ಇತ್ತು. ಸುಟ್ಟ ವಾಸನೆ ಬಂತು. ಅಪ್ಪ ಆಫ್ ಮಾಡಿದರು. ಗಾಡಿ ಒಂದು ಅಡಿಯೂ ಅಲುಗಿರಲಿಲ್ಲ.

"ಕ್ಲಚ್ ಹೋಗೈತೆ" ಅಂದರು.

ಕೀ ನನ್ನ ಕೈಗೆ ಕೊಟ್ಟು, ಬಾಗಿಲಿನ ಮೇಲೆ ಕೈ ಊರಿ ಕಷ್ಟಪಟ್ಟು ಎದ್ದು, ಜಗಲಿ ಹತ್ತಿದವರು ಅಲ್ಲಿಂದಲೇ ತಿರುಗಿ ನೋಡಿದರು.

"ರೊಟ್ಟಿ ಚೆನ್ನಾಗಿತ್ತಾ?"