ಸಿಗರೇಟಿಗೆ ಬಿಂದಿಗೆ

ನಿನ್ನೆ ರಾತ್ರಿ ಹತ್ತೂವರೆವರೆಗೆ ಪೇಪರ್ ತಿದ್ದಿದೆ. ಮೂವತ್ತೆರಡು ಪೇಪರ್, ಹೆಚ್ಚುಕಮ್ಮಿ ಎಲ್ಲದರಲ್ಲೂ 'ಐ ಮೇಕ್ ಎಕ್ಸಾಮ್'. ಮೇಕ್ ಬೇರೆ, ಡೂ ಬೇರೆ ಅಂತ ತಿಂಗಳಿಡೀ ಬೋರ್ಡಿನ ಮೇಲೆ ಬರೆದು ಬರೆದು ತೋಳು ಬಿದ್ದುಹೋಗಿತ್ತು. ಪಾಪ, ಹುಡುಗರಾದರೂ ಏನು ಮಾಡ್ತಾರೆ? ಇಲ್ಲಿ ಮಸ್ಕತ್ತಿನ ಅರಬ್ಬಿ ಆಡುಮಾತಿನಲ್ಲಿ ಎರಡಕ್ಕೂ 'ಸವ್ವಿ' ಒಂದೇ. ನಮ್ಮ 'ಮಾಡು' ಇದ್ದ ಹಾಗೆ. ಅಡುಗೆಯೂ ಮಾಡು, ಹೋಂವರ್ಕೂ ಮಾಡು.

ಯಾವ ಪದದ ಪಕ್ಕ ಯಾವುದು ಕೂರಬೇಕು ಅನ್ನೋದಕ್ಕೆ ಕಾಲೊಕೇಶನ್ ಅಂತಾರೆ. ಇಂಗ್ಲಿಷಿನಲ್ಲಿ ಮಳೆ ಹೆವಿ, ಟೀ ಸ್ಟ್ರಾಂಗ್. ನನ್ನ ಹುಡುಗರಿಗೆ ಮಳೆ ಸ್ಟ್ರಾಂಗು, ಟೀ ಹೆವಿ. 'ಯಾಕೆ ಟೀಚರ್?' ಅಂದರೆ ನನ್ನ ಹತ್ತಿರ ಉತ್ತರ ಇಲ್ಲ. ಪದವನ್ನು ಅದರ ಸಹವಾಸದಿಂದ ಗುರುತಿಸಬೇಕು ಅಂದ ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ. ಅಲ್ಲಿ ಎಷ್ಟು ಪೇಪರ್ ತಿದ್ದಿದ್ದನೋ!

ಸಹವಾಸದಿಂದ ಸನ್ಯಾಸಿ ಕೆಟ್ಟ ಅಂತ ನಮ್ಮವರು ಸುಮ್ನೆ ಹೇಳಿಲ್ಲ. ಏಸಿ ಆರಿಸೋದಕ್ಕೆ ಇಲ್ಲಿ 'ಬನ್ನಿದ್' ಅಂತಾರೆ. ಮೊದಲ ವಾರ ಯಾರೋ ಕರೀತಿದ್ದಾರೆ ಅಂತ ತಿರುಗಿ ನೋಡಿದ್ದೆ. ಆಮೇಲೆ ಗೊತ್ತಾಯಿತು, ಇದು ನಮ್ಮ 'ಬಂದ್ ಮಾಡು'ವಿನ ಅಣ್ಣತಮ್ಮ. ಇಬ್ಬರೂ ಪರ್ಷಿಯನ್ ಭಾಷೆಯ ಮನೆಯಿಂದ ಬಂದವರು. ಮೊನ್ನೆ ಸ್ಟಾಫ್ ರೂಮಿನಲ್ಲಿ ನಾನೇ 'ಟರ್ನ್ ಆಫ್' ಬಿಟ್ಟು 'ಕ್ಲೋಸ್ ದಿ ಏಸಿ' ಅಂದುಬಿಟ್ಟೆ. ಇಂಗ್ಲೆಂಡಿನ ಸಹೋದ್ಯೋಗಿ ಕನ್ನಡಕದ ಮೇಲಿಂದ ನೋಡಿದರು. ಏಸಿ ಇಲ್ಲದೇ ತಣ್ಣಗಾದೆ.

ಇವತ್ತು ಬೆಳಿಗ್ಗೆ ಪೇಪರ್ ಹಂಚುವಾಗ ಈಜಿಪ್ಟಿನ ಹುಡುಗನೊಬ್ಬ ಜಗಳಕ್ಕೇ ನಿಂತ. 'ಮೈ ಫಾದರ್ ಡ್ರಿಂಕ್ಸ್ ಸಿಗರೇಟ್' ಅಂತ ಬರೆದಿದ್ದ, ನಾನು ಗೀಟು ಎಳೆದಿದ್ದೆ. ಅವರ ಮಾತಿನಲ್ಲಿ ಸಿಗರೇಟು ಕುಡಿಯೋದೇ.

'ನಿಮ್ಮ ಭಾಷೇಲಿ ಏನಂತೀರಿ ಟೀಚರ್?'

ಅಲ್ಲೇ ಸುಮ್ಮನಿರಬೇಕಿತ್ತು. 'ಸೇದ್ತಾರೆ' ಅಂದೆ. ಹಾಗಂದ್ರೆ? ಬಾವಿಯಿಂದ ನೀರು ಎಳೀತಾರಲ್ಲ, ಅದೇ ಪದ ಅಂದೆ. ಹಗ್ಗ ಎಳೆದು ತೋರಿಸಿದೆ ಬೇರೆ. ಕ್ಲಾಸು ಒಂದು ಕ್ಷಣ ಗಪ್‌ಚುಪ್. ಆಮೇಲೆ ಹಿಂದಿನ ಬೆಂಚಿನವನು ಎದ್ದು, ಬಲು ಗಂಭೀರವಾಗಿ, 'ಟೀಚರ್, ಸಿಗರೇಟಿಗೆ ಬಿಂದಿಗೆ ಎಲ್ಲಿ ಕಟ್ತೀರಿ?' ಅಂದ. ಇನ್ನೊಬ್ಬ ಎರಡು ಬೆರಳು ತುಟಿಗಿಟ್ಟು, ಇನ್ನೊಂದು ಕೈಯಲ್ಲಿ ಹಗ್ಗ ಎಳೆಯೋಕೆ ಶುರುಮಾಡಿದ. ಮೂರನೆಯವನು ರಾಟೆಯ ಕಿರ್ರ್ ಸದ್ದು ಹೊರಡಿಸಿದ. ಉಳಿದ ಇಪ್ಪತ್ತು ನಿಮಿಷ ಪಾಠ ಬಾವಿಪಾಲು.

ನಗು ನನಗೂ ಬಂತು. ಆದರೆ ಊರ ಬಾವಿಕಟ್ಟೆ ಕಣ್ಣಮುಂದೆ ಬಂದು ನಿಂತಿತು. ಅಜ್ಜಿ ನೀರು ಸೇದೋಳು, ಅಜ್ಜ ಪಕ್ಕದಲ್ಲಿ ಕೂತು ಬೀಡಿ ಸೇದೋನು. ಕೆಲಸ ಸಮ ಅಂತ ಅಜ್ಜನ ವಾದ. ಈಗ ಆ ಬಾವಿಗೆ ಜಾಲರಿ ಹಾಕಿ, ಪಂಪು ಇಳಿಸಿದ್ದಾರೆ. ಮನೇಲಿ ಯಾರೂ ಏನನ್ನೂ ಸೇದೋದಿಲ್ಲ.

ಗಂಟೆ ಹೊಡೆಯುವ ಹೊತ್ತಿಗೆ ಈಜಿಪ್ಟಿನ ಹುಡುಗ ತಿದ್ದಿದ ವಾಕ್ಯ ತಂದು ಮೇಜಿನ ಮೇಲಿಟ್ಟ: 'ಮೈ ಫಾದರ್ ಪುಲ್ಸ್ ಸಿಗರೇಟ್ ಫ್ರಮ್ ದಿ ವೆಲ್'.

ಕೆಂಪು ಪೆನ್ನಿನ ಮುಚ್ಚಳ ತೆಗೆದವಳು, ಮತ್ತೆ ಹಾಕಿದೆ.