ಕಷ್ಟದ ಕೆಲಸವನ್ನೇ ಮೊದಲು ಮುಗಿಸಬೇಕೆ? ಪರ – ವಿರೋಧ

ಪರ: ‘ನಾಳೆ ಬಾ’ ಎಂದರೆ ದೆವ್ವ ಹೋಗಬಹುದು, ಫೈಲು ಹೋಗುವುದಿಲ್ಲ

ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯ ಬಾಗಿಲುಗಳ ಮೇಲೆ ಸುಣ್ಣದಲ್ಲೋ ಇದ್ದಿಲಲ್ಲೋ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಕದ ತಟ್ಟಲು ಬಂದ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಅಕ್ಷರ ಬಲ್ಲ, ಆದರೆ ತುಸು ಪೆದ್ದು ದೆವ್ವ. ಈಗ ಮೂರು ಜನರ ಪುಟ್ಟ ಆಫೀಸು ಇಟ್ಟುಕೊಂಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ಮೇಜಿನ ತುದಿಗೆ ಸರಿಸಿಟ್ಟ ಫೈಲುಗಳ ಮೇಲೂ ಅವೇ ಎರಡು ಪದ ಕಾಣುತ್ತವೆ. ಬರೆದವನು ನಾನೇ.

ಪ್ರತಿ ತಿಂಗಳು 14ಕ್ಕೆ ಜಿಎಸ್‌ಟಿಆರ್-2ಬಿ ಬರುತ್ತದೆ. ನಮ್ಮ ಪಾರ್ಟಿಗೆ, ಅಂದರೆ ನಾವು ಲೆಕ್ಕ ನೋಡುವ ಅಂಗಡಿಗೆ, ಮಾಲು ಕೊಟ್ಟವರು ಯಾವ ಯಾವ ಬಿಲ್ ತೋರಿಸಿದ್ದಾರೆ ಎಂಬುದರ ಪಟ್ಟಿ ಅದು. 20ರೊಳಗೆ 3ಬಿ ಎಂಬ ತಿಂಗಳ ಲೆಕ್ಕದ ರಿಟರ್ನ್ ಹಾಕಿ ತೆರಿಗೆ ಕಟ್ಟಬೇಕು. ನಡುವೆ ಸಿಗುವುದು ಆರೇ ದಿನ. ಇಪ್ಪತ್ತು ಬಿಲ್ಲಿನ ಪಾರ್ಟಿಗಳದ್ದು ಅರ್ಧ ಗಂಟೆಯ ಕೆಲಸ. ಆದರೆ ಹಾರ್ಡ್‌ವೇರ್ ಅಂಗಡಿಯ ಯಜಮಾನರೊಬ್ಬರಿದ್ದಾರೆ. ಬಿಲ್ಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ತರುತ್ತಾರೆ. ಕೆಲವಕ್ಕೆ ಎಣ್ಣೆ ಹತ್ತಿರುತ್ತದೆ, ಕೆಲವು ವಾಟ್ಸ್‌ಆ್ಯಪ್ ಫೋಟೊ. ಆ ಚೀಲವನ್ನು ಎಷ್ಟೋ ವರ್ಷ ಕೊನೆಗೇ ಬಿಚ್ಚುತ್ತಿದ್ದೆ. ಮೊದಲು ಸಣ್ಣವನ್ನೆಲ್ಲ ಮುಗಿಸಿ ಪಟ್ಟಿಯಲ್ಲಿ ಹನ್ನೆರಡು ಹೆಸರಿಗೆ ಗೀಟು ಎಳೆದರೆ ಆಹಾ, ಎಂಥ ಸಮಾಧಾನ.

ಒಂದು ಸಲ 20ರ ಸಂಜೆ ಆ ಚೀಲ ಬಿಚ್ಚಿದಾಗ ಇಬ್ಬರು ಸಪ್ಲೈಯರ್‌ಗಳು ಬಿಲ್ಲನ್ನೇ ತೋರಿಸಿಲ್ಲ ಎಂಬುದು ಬಯಲಾಯಿತು. ಅವರು ಆಗ ತೋರಿಸಿದರೂ ಅದು ಮುಂದಿನ ತಿಂಗಳ 2ಬಿಗೆ ಬರುತ್ತದೆ. ಅಂದರೆ ಅಷ್ಟು ಇನ್‌ಪುಟ್ ಕ್ರೆಡಿಟ್ (ಮಾಲು ಕೊಳ್ಳುವಾಗಲೇ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಈ ತಿಂಗಳು ಖೋತಾ, ಆ ಹಣವನ್ನು ನಗದಾಗಿ ಕಟ್ಟಬೇಕು. ರಾತ್ರಿ ಏಳು ಗಂಟೆಗೆ ಯಜಮಾನರಿಗೆ ಫೋನ್ ಮಾಡಿ ಅರವತ್ತು ಸಾವಿರ ಹೊಂದಿಸಿ ಎಂದೆ. ರಿಟರ್ನ್ ಹೋದದ್ದು 23ಕ್ಕೆ. ದಿನಕ್ಕೆ 50 ರೂಪಾಯಿಯಂತೆ ಲೇಟ್ ಫೀ, ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ; ಮೂರು ದಿನಕ್ಕೆ ಅದೇನೂ ದೊಡ್ಡ ಮೊತ್ತವಾಗಲಿಲ್ಲ. ಆದರೆ ‘ಮೊದಲೇ ಹೇಳಿದ್ರೆ ಏನಾಗ್ತಿತ್ತು ಸ್ವಾಮಿ?’ ಎಂದು ಅವರು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಅಲ್ಲಿಂದ ಕ್ರಮ ತಿರುಗಿತು. 15ರ ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಮೊದಲು ಬಿಚ್ಚುವುದು ಆ ಚೀಲ. ಹತ್ತೂವರೆಯವರೆಗೆ ಫೋನು ಅಷ್ಟಾಗಿ ಬರುವುದಿಲ್ಲ, ತಲೆಯೂ ತಿಳಿಯಾಗಿರುತ್ತದೆ. ಸುಲಭದ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಮೊದಲೇ ಹೇಳಬಹುದು. ಕಷ್ಟದ ಕೆಲಸದ ಹೊಟ್ಟೆಯಲ್ಲಿ ಏನಿದೆ ಎಂಬುದು ಬಿಚ್ಚಿದ ಮೇಲೆಯೇ ಗೊತ್ತಾಗುವುದು. ಕೆಟ್ಟ ಸುದ್ದಿಯೇ ಇರಲಿ, 15ಕ್ಕೆ ತಿಳಿದರೆ ದುಡ್ಡು ಹೊಂದಿಸಲು ಐದು ದಿನ ಉಳಿಯುತ್ತವೆ.

ಇದು ನನ್ನೊಬ್ಬನ ಚಪಲವೇನೂ ಅಲ್ಲ. ಅಮೆರಿಕದ ತುರ್ತು ಚಿಕಿತ್ಸಾ ವಿಭಾಗದ ವೈದ್ಯರ ಕೆಲಸದ ದಾಖಲೆಗಳನ್ನು ಜಾಲಾಡಿದ ಸಂಶೋಧಕರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒತ್ತಡ ಏರಿದಂತೆ ವೈದ್ಯರು ಸುಲಭದ ರೋಗಿಗಳನ್ನೇ ಆರಿಸಿಕೊಳ್ಳುತ್ತಾರೆ, ಆ ಹೊತ್ತಿಗೆ ಕೆಲಸ ಸರಸರ ಸಾಗಿದಂತೆಯೂ ಇರುತ್ತದೆ; ಅದೇ ಅಭ್ಯಾಸವಾದವರು ಕಾಲಕ್ರಮೇಣ ಹಿಂದೆ ಬೀಳುತ್ತಾರೆ. ಗೀಟು ಎಳೆಯುವ ಸುಖ ಅಲ್ಲಿನವರಿಗೂ ಇದೆ ಎಂದು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು.

ವಿರೋಧ: ಬೆಳಗಿನ ಏಳು ಗಂಟೆ ಯಾರದ್ದು?

ಏಳಕ್ಕೆ ಆಫೀಸಿನ ಬಾಗಿಲು ತೆಗೆಯುವವರ ತಿಂಡಿ ಅಷ್ಟರೊಳಗೆ ಯಾರೋ ಮಾಡಿರುತ್ತಾರೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಐದೂವರೆಗೆ ಎದ್ದರೆ ನಲ್ಲಿ ಬರುವ ದಿನ ನೀರು ಹಿಡಿಯಬೇಕು, ಎರಡು ಡಬ್ಬಿ ಕಟ್ಟಬೇಕು, ಅತ್ತೆಗೆ ಮಾತ್ರೆ ಕೊಡಬೇಕು, ಎಂಟೂ ಹತ್ತರ ಬಸ್ಸು ಹಿಡಿಯಬೇಕು. ನನ್ನ ದಿನದಲ್ಲಿ ‘ಮೊದಲು’ ಎಂಬ ಜಾಗ ಎಂದೋ ಭರ್ತಿಯಾಗಿದೆ. ನನಗೆ ಕಷ್ಟದ ಕೆಲಸವೆಂದರೆ ಪ್ರಶ್ನೆಪತ್ರಿಕೆ ತೆಗೆಯುವುದು. ಅದನ್ನು ರಾತ್ರಿ ಒಂಬತ್ತರ ಮೇಲೆ, ಮನೆಯೆಲ್ಲ ಮಲಗಿದಾಗ ಮಾಡುತ್ತೇನೆ, ಚೆನ್ನಾಗಿಯೇ ಆಗುತ್ತದೆ. ಹದಿಹರೆಯದ ಮಕ್ಕಳ ನಿದ್ದೆಯ ಗಡಿಯಾರವಂತೂ ಸಹಜವಾಗಿಯೇ ತಡವಾಗಿ ಓಡುತ್ತದೆ. ಅವರನ್ನು ನಾಲ್ಕಕ್ಕೆ ಎಬ್ಬಿಸಿ ತ್ರಿಕೋನಮಿತಿ ಪುಸ್ತಕದ ಮುಂದೆ ಕೂರಿಸಿದರೆ ತೂಕಡಿಸುತ್ತವೆ, ಅಷ್ಟೇ.

ಎಸ್ಸೆಸ್ಸೆಲ್ಸಿ ಗಣಿತದ ಪತ್ರಿಕೆ 80 ಅಂಕದ್ದು, ಓದಿಕೊಳ್ಳುವ 15 ನಿಮಿಷ ಸೇರಿ ಮೂರೂಕಾಲು ಗಂಟೆ. ಒಂದು ಅಂಕದ ಪ್ರಶ್ನೆಗಳಿಂದ ಶುರುವಾಗಿ ದೊಡ್ಡ ಲೆಕ್ಕಗಳಿಗೆ ಏರುತ್ತದೆ. ನಮ್ಮ ಶಾಲೆಯ ಜಾಣ ಹುಡುಗನೊಬ್ಬನಿಗೆ ಯಾರೋ ಮಾವ ‘ಕಷ್ಟದ್ದನ್ನ ಮೊದಲು ಮುಗಿಸಿಬಿಡು, ಆಮೇಲೆಲ್ಲ ಹಗುರ’ ಎಂದು ಹೇಳಿ ಕಳಿಸಿದ್ದ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹುಡುಗ ಕೊನೆಯ ಐದು ಅಂಕದ ಲೆಕ್ಕಕ್ಕೇ ಕೈ ಹಾಕಿದ. ಎರಡನೇ ಹೆಜ್ಜೆಯಲ್ಲಿ ಒಂದು ಋಣ ಚಿಹ್ನೆ ತಪ್ಪಿತು. ಹೊಡೆದುಹಾಕಿ ಬರೆದ, ಮತ್ತೆ ಹೊಡೆದುಹಾಕಿದ. ಐವತ್ತು ನಿಮಿಷ ಹೋಯಿತು. ಆಮೇಲೆ ಕೈ ನಡುಗಿ, ನಿದ್ದೆಗಣ್ಣಲ್ಲೂ ಮಾಡಬಲ್ಲ ಎರಡಂಕದ ಲೆಕ್ಕಗಳನ್ನೂ ಕೆಡಿಸಿಕೊಂಡ. ‘ಬರೋದನ್ನ ಮೊದಲು ಬರಿ’ ಎಂದು ಮೇಷ್ಟ್ರುಗಳು ತಲೆತಲಾಂತರದಿಂದ ಹೇಳುತ್ತ ಬಂದಿರುವುದು ಸೋಮಾರಿತನ ಕಲಿಸಲಿಕ್ಕಲ್ಲ. ಕೈ ಬಿಸಿಯಾಗಬೇಕು, ಬುತ್ತಿಗೆ ನಾಲ್ಕು ಅಂಕ ಬೀಳಬೇಕು. ಆಗ ದೊಡ್ಡ ಲೆಕ್ಕವನ್ನು ಕಣ್ಣೆತ್ತಿ ನೋಡುವ ಧೈರ್ಯ ಬರುತ್ತದೆ.

ಈಗ ಒಂದು ಲೆಕ್ಕ, ನನ್ನ ಚಟಕ್ಕೆ. ಮೇಜಿನ ಮೇಲೆ ಮೂರು ಜನರ ಮೂರು ಕೆಲಸ ಇವೆ: ಒಂದಕ್ಕೆ ಮೂರು ಗಂಟೆ, ಒಂದಕ್ಕೆ 20 ನಿಮಿಷ, ಒಂದಕ್ಕೆ 10 ನಿಮಿಷ. ದೊಡ್ಡದರಿಂದ ಶುರು ಮಾಡಿ ಇಳಿಯುತ್ತ ಬಂದರೆ ಮೂವರೂ ಕಾದ ಹೊತ್ತು ಒಟ್ಟು ಸೇರಿ 9 ಗಂಟೆ 50 ನಿಮಿಷ. ಸಣ್ಣದರಿಂದ ಏರುತ್ತ ಹೋದರೆ 4 ಗಂಟೆ 10 ನಿಮಿಷ. ದೊಡ್ಡ ಕೆಲಸದವನಿಗೆ ತಡವಾಗುವುದು ಅರ್ಧ ಗಂಟೆ ಮಾತ್ರ. ಕಂಪ್ಯೂಟರ್ ವಿಜ್ಞಾನದಲ್ಲಿ ಇದಕ್ಕೆ ‘ಶಾರ್ಟೆಸ್ಟ್ ಜಾಬ್ ಫಸ್ಟ್’ ಎನ್ನುತ್ತಾರೆ; ಒಬ್ಬನೇ ಕೆಲಸಗಾರನಿದ್ದು ಎಲ್ಲ ಕೆಲಸವೂ ಒಟ್ಟಿಗೇ ಬಂದಿದ್ದರೆ ಸರಾಸರಿ ಕಾಯುವಿಕೆ ಇದಕ್ಕಿಂತ ಕಡಿಮೆಯಾಗುವುದಿಲ್ಲ ಎಂದು ಸಾಧಿಸಿ ತೋರಿಸಬಹುದು. ವರ್ಗಾವಣೆ ಪತ್ರಕ್ಕೆ ಒಂದು ಸಹಿ ಬೇಕೆಂದು ಕೂಲಿ ಬಿಟ್ಟು ಬಂದ ತಂದೆಯನ್ನು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿ, ಒಳಗೆ ‘ಮುಖ್ಯವಾದ ವರದಿ’ ಬರೆಯುವುದನ್ನು ದಕ್ಷತೆ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಮನಸ್ಸಿನ ಬಲ ಬೆಳಿಗ್ಗೆ ತುಂಬಿದ್ದು ಸಂಜೆಗೆ ಬರಿದಾಗುತ್ತದೆ ಎಂಬ ಮಾತೂ ಇದೆ. 1998ರ ಒಂದು ಪ್ರಯೋಗ ಅದಕ್ಕೆ ಹೆಸರು ತಂದುಕೊಟ್ಟಿತು. ಬಿಸ್ಕತ್ತಿನ ಆಸೆ ತಡೆದುಕೊಂಡು ಮೂಲಂಗಿ ತಿಂದವರು ಒಗಟು ಬಿಡಿಸುವುದನ್ನು ಬೇಗ ಕೈಬಿಟ್ಟಿದ್ದರು. 2016ರಲ್ಲಿ 23 ಪ್ರಯೋಗಾಲಯಗಳು ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಆ ವಿಚಾರವನ್ನು ಮತ್ತೆ ಪರೀಕ್ಷಿಸಿದಾಗ ಪರಿಣಾಮ ಬಹುತೇಕ ಸೊನ್ನೆ.

ಚೀಲ ಬಿಚ್ಚಿದವರ ಮಾತಿನಲ್ಲಿ ಒಂದು ನಿಜವಿದೆ, ಒಪ್ಪುತ್ತೇನೆ. ಆದರೆ ಅವರಿಗೆ ಅದನ್ನು ಮೊದಲು ಬಿಚ್ಚಬೇಕಾಗಿ ಬಂದದ್ದು ಅದು ಕಷ್ಟ ಎಂಬ ಕಾರಣಕ್ಕಲ್ಲ, ಬೇರೆಯವರು ದುಡ್ಡು ಹೊಂದಿಸಲು ದಿನ ಬೇಕು ಎಂಬ ಕಾರಣಕ್ಕೆ. ಯುಗಾದಿಯ ದಿನ ಒಬ್ಬಟ್ಟು ಮಾಡುವ ಯಾರನ್ನಾದರೂ ಕೇಳಿ. ಎಲ್ಲಕ್ಕಿಂತ ಮೊದಲು ಕಲಸಿಡುವುದು ಕಣಕ. ಅದು ತೀರಾ ಸುಲಭ; ಎಣ್ಣೆ ಹಾಕಿ ನಾದಿ ಮುಚ್ಚಿಟ್ಟರಾಯಿತು, ಆದರೆ ನೆನೆಯಲು ಹೊತ್ತು ಬೇಕು. ಅದು ನೆನೆಯುವಾಗ ಬೇಳೆ ಬೇಯುತ್ತದೆ, ಹೂರಣ ಆಗುತ್ತದೆ. ಹರಿಯದ ಹಾಗೆ ತೆಳ್ಳಗೆ ತಟ್ಟುವ ಕಷ್ಟ ಕೊನೆಗೆ ಬರುತ್ತದೆ, ಅಷ್ಟು ಹೊತ್ತಿಗೆ ಗಂಟೆ ಹನ್ನೊಂದಾಗಿ ಬೆವರು ಇಳಿಯುತ್ತಿದ್ದರೂ. ಬೆಳಿಗ್ಗೆ ಎದ್ದವಳೇ ಮೊದಲು ತಟ್ಟಲು ಕೂತರೆ, ಏನನ್ನು ತಟ್ಟಲಿ?